ಸಿಂಗಲ್ ಓನರ್ ಗಾಡಿ, ಕರಕರ ಚೈನು

ನನ್ನನ್ನು ನೋಡಿ ಜನ ಎದ್ದು ನಿಲ್ಲಲು ಶುರುಮಾಡಿ ಮೂರು ವಾರವಾಯಿತು.

ತಮಾಷೆಯಲ್ಲ. ನಂಜನಗೂಡು ದಾಟಿ ಹುಲ್ಲಹಳ್ಳಿ ರಸ್ತೆಗೆ ನನ್ನ ವ್ಯಾನು ತಿರುಗಿತೆಂದರೆ ಟೀ ಅಂಗಡಿಯ ಬೆಂಚಿನಲ್ಲಿದ್ದವರು ಗ್ಲಾಸು ಕೆಳಗಿಟ್ಟು ಏಳುತ್ತಾರೆ. ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕೈಗೆ ಬರುತ್ತದೆ. ಹೆಂಗಸರು ಮಕ್ಕಳ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ. ಟಿ. ನರಸೀಪುರದ ಕಡೆ ಸ್ಕೂಲ್ ಯೂನಿಫಾರಂ ಕೊಡಲು ಹೋದಾಗ ಒಬ್ಬ ಅಂಗಡಿಯವನು ಜೋರಾಗಿ ಹಾಡುತ್ತಿದ್ದ ಟೇಪ್ ರೆಕಾರ್ಡರನ್ನೇ ಆಫ್ ಮಾಡಿದ.

ನಾನು ಏನೆಂದುಕೊಂಡೆ ಹೇಳಿ? ಹೆಂಗಸೊಬ್ಬಳು ವ್ಯಾನು ಓಡಿಸುವುದನ್ನು ನೋಡಿ ಬೆರಗಾಗಿದ್ದಾರೆ ಎಂದುಕೊಂಡೆ. (ನನ್ನ ಬಗ್ಗೆ ನನಗಿರುವ ಅಭಿಪ್ರಾಯ ನಿಮಗೆ ಹೊಸದಲ್ಲ.) ಕತ್ತು ಇನ್ನಷ್ಟು ನೆಟ್ಟಗೆ ಮಾಡಿಕೊಂಡು ಓಡಿಸಿದೆ. ಮುದುಕರೊಬ್ಬರು ಕೈ ಮುಗಿದರು. ನಾನೂ ದೊಡ್ಡವಳಂತೆ ತಲೆ ಬಾಗಿಸಿದೆ. ಮುಂದೆ ಹೋಗಿ ಕನ್ನಡಿಯಲ್ಲಿ ನೋಡಿದರೆ ಅವರ ಮನೆಯ ಹೆಂಗಸು ರಸ್ತೆಗೆ ಒಂದು ಚೊಂಬು ನೀರು ಸುರಿಯುತ್ತಿದ್ದಳು. ನಾನೆಬ್ಬಿಸಿದ ಧೂಳು ಅಡಗಲಿ ಎಂದಿರಬೇಕು, ಪಾಪ.

ನಮ್ಮ ಹೊಲಿಗೆ ಯೂನಿಟ್ಟಿನ ವಿಷಯ ನಿಮಗೆ ಗೊತ್ತಲ್ಲ. ತಾಂಡ್ಯದ ಫ್ಯಾಕ್ಟರಿಗಳಿಗೆ, ಸುತ್ತಲಿನ ಶಾಲೆಗಳಿಗೆ ಯೂನಿಫಾರಂ ಹೊಲಿದು ಕೊಡುವುದು. ಮೂಟೆಗಳನ್ನು ಆಟೋದಲ್ಲಿ ಹೇರಿ ಹೇರಿ ಸಾಕಾಗಿತ್ತು. ಮೈಸೂರಿನ ಒಬ್ಬ ಡೀಲರ್ ಹತ್ತಿರ ಸೆಕೆಂಡ್ ಹ್ಯಾಂಡ್ ವ್ಯಾನು ನೋಡಿದೆ. ಬಿಳಿ ಬಣ್ಣ. (ಕಂಪನಿ ಹೆಸರು ಬೇಡ. ತಪ್ಪು ಅವರದಲ್ಲ.)

"ಒಬ್ರೇ ಓನರ್ ಮೇಡಂ. ನಲವತ್ತರ ಮೇಲೆ ಓಡಿಸೇ ಇಲ್ಲ. ಹಿಂದಿನ ಸೀಟಲ್ಲಿ ಇವತ್ತಿನವರೆಗೂ ಒಬ್ಬ ಮನುಷ್ಯ ಕೂತಿಲ್ಲ, ನೀವೇ ನೋಡಿ" ಎಂದ ಡೀಲರು.

ನೋಡಿದೆ. ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಒಳಗೆಲ್ಲ ಊದುಬತ್ತಿಯ ವಾಸನೆ. ಓನರು ದೈವಭಕ್ತರಿರಬೇಕು ಎಂದು ಖುಷಿಯಾಯಿತು.

ಎರಡನೇ ದಿನ ಬೆಳಿಗ್ಗೆ ಎಂಜಿನ್ನಿನೊಳಗಿಂದ ಕರಕರ ಸದ್ದು. ರಾಗಿಕಲ್ಲಿನಲ್ಲಿ ಜಲ್ಲಿ ಹಾಕಿ ಬೀಸಿದ ಹಾಗೆ. ಸ್ಪೀಡಾಗಿ ಹೋದರೆ ಅಡಗುತ್ತದೆ, ನಿಧಾನ ಮಾಡಿದರೆ ಮತ್ತೆ ಶುರು. ಡೀಲರ್ ಹತ್ತಿರ ಒಯ್ದೆ. ಏನಿಲ್ಲ ಮೇಡಂ, ಟೈಮಿಂಗ್ ಚೈನು ಸ್ವಲ್ಪ ಲೂಸು ಎಂದ. ಎಂಜಿನ್ನಿನೊಳಗೆ ತೆಗೆಯುವುದು, ಮುಚ್ಚುವುದು ಎಲ್ಲ ಸರಿಯಾದ ಹೊತ್ತಿಗೆ ಆಗುವಂತೆ ನೋಡಿಕೊಳ್ಳುವ ಸರಪಳಿಯಂತೆ ಅದು. ಸಂಜೆಗೆ ಗಾಡಿ ಕೊಟ್ಟ. ಸದ್ದಿಲ್ಲ! ಎರಡು ದಿನ ಬಿಟ್ಟು ಮತ್ತೆ ಕರಕರ. ಆಮೇಲೆ ತಿಳಿಯಿತು, ಗಟ್ಟಿ ಆಯಿಲ್ಲು ಸುರಿದು ಸದ್ದಿನ ಬಾಯಿ ಮುಚ್ಚಿಸಿದ್ದ. ಎರಡನೇ ಸಲ ಏನನ್ನೋ ಟೈಟ್ ಮಾಡಿದ. ಮೂರನೇ ಸಲ ಚೈನನ್ನೇ ಬದಲಾಯಿಸಿದೆ ಎಂದು ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟ. (ಯಾರ ಗಾಡಿಯದೋ!) ಸದ್ದು ಮಾತ್ರ ಹಾಗೇ ಇತ್ತು. ಅದಕ್ಕೆ ಆ ಎಂಜಿನ್ನು ಬಿಟ್ಟು ಹೋಗುವ ಮನಸ್ಸೇ ಇದ್ದಂತಿರಲಿಲ್ಲ.

ಇನ್ನು ಸಿದ್ದರಾಜುವಿನ ವಿಷಯ. ನಮ್ಮ ಕಟಿಂಗ್ ಮಾಸ್ಟರು. ಊರು ಹುಲ್ಲಹಳ್ಳಿ ರಸ್ತೆಯಲ್ಲಿ, ನಾಲೆ ದಾಟಿ ಎಡಕ್ಕೆ. ನನ್ನ ವ್ಯಾನು ಅಷ್ಟು ದೂರ ಇನ್ನೂ ಹೋಗಿರಲಿಲ್ಲ. ಅಪ್ಪ ತೀರಿಕೊಂಡಿದ್ದಾನೆ, ತಾಯಿ ಮಾದಮ್ಮನಿಗೆ ಇವನೊಬ್ಬನೇ ಮಗ. ನಾನು ವ್ಯಾನು ತರುವ ಮೊದಲೇ ಅಪೆಂಡಿಕ್ಸ್ ಒಡೆದು ಮೈಸೂರಿನ ಆಸ್ಪತ್ರೆ ಸೇರಿದ್ದ. ಆಪರೇಷನ್ನು ಆಗಿ, ಸೆಪ್ಟಿಕ್ಕೂ ಆಗಿ, ಒಂದು ತಿಂಗಳು ಹೋಯಿತು. ನಾವೇ ಸರದಿಯ ಮೇಲೆ ಹೋಗಿ ನೋಡಿಕೊಂಡೆವು. ಬಿ.ಪಿ. ಇರುವ ಮಾದಮ್ಮನನ್ನು ಆಸ್ಪತ್ರೆಯ ಹತ್ತಿರ ಬಿಟ್ಟಿರಲಿಲ್ಲ. ಶುಕ್ರವಾರ ಮನೆಗೆ ಬರುತ್ತಾನೆ ಎಂದು ಅವರೂರಿನ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿ ತಿಳಿಸಿದ್ದೆ.

ಡಾಕ್ಟರು ಬುಧವಾರವೇ ಬಿಟ್ಟರು. ಮತ್ತೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ತಾಯಿಗೆ ಸರ್‌ಪ್ರೈಸ್ ಕೊಡೋಣ ಎಂದು ನಾನೇ ಹೇಳಿದೆ. ಆ ಮಾತನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೊಲಿಗೆ ಎಳೆಯಬಾರದೆಂದು ಅವನನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ದುಪ್ಪಟಿ ಹೊದಿಸಿದೆ. ನಂಜನಗೂಡಿನವರೆಗೆ ಒಳ್ಳೆ ಸ್ಪೀಡು, ಸದ್ದಿಲ್ಲ. ಪೇಟೆಯ ಗಲಾಟೆಯಲ್ಲಿ ಕೇಳಿಸಲಿಲ್ಲ. ಹುಲ್ಲಹಳ್ಳಿ ರಸ್ತೆಯ ಗುಂಡಿಗಳು ಬಂದವು. ನಿಧಾನ ಮಾಡಿದೆ. ಕರಕರ ಶುರುವಾಯಿತು. ನಡು ಮಧ್ಯಾಹ್ನ, ಎರಡೂ ಕಡೆ ಗದ್ದೆ, ಆ ಸದ್ದು ಬಿಟ್ಟರೆ ಬೇರೇನಿಲ್ಲ. ಸಿದ್ದರಾಜು ಹೊಟ್ಟೆ ಹಿಡಿದುಕೊಂಡು ಎದ್ದು ಕೂತ.

"ಮೇಡಂ, ಈ ಗಾಡಿ ಎಲ್ ತಗಂಡ್ರಿ?"

ಹೇಳಿದೆ. ಅವನು ಸೀಟನ್ನು ಕೈಯಿಂದ ಸವರಿದ. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡ.

"ಇದು ಎಣದ್ ಗಾಡಿ ಕಣ್ ಮೇಡಂ. ದೊಡ್ಡಾಸ್ಪತ್ರೆಯಿಂದ ನಮ್ ಕಡೆ ಊರ್ಗೊಳ್ಗೆಲ್ಲ ಇದ್ರಲ್ಲೇ ತರೋದು. ನಮ್ಮಪ್ಪನ್ನೂ ಇದ್ರಲ್ಲೇ ತಂದ್ರು. ಈ ಸದ್ದು ನಮ್ಮವ್ವಂಗೆ ಗೊತ್ತು."

ಹೆಣದ ಗಾಡಿ! ಡೀಲರು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ ನೋಡಿ. ಒಬ್ಬನೇ ಓನರು, ನಿಜ. ನಲವತ್ತರ ಮೇಲೆ ಓಡಿಲ್ಲ, ನಿಜ. ಹಿಂದೆ ಯಾರೂ ಕೂತಿಲ್ಲ, ಅದೂ ನಿಜ. ಮೀಟರು ನೋಡಿದ್ದೆ, ಟೈರು ಒದ್ದು ನೋಡಿದ್ದೆ, ಆರ್.ಸಿ. ಬುಕ್ಕು ಬೆಳಕಿಗೆ ಹಿಡಿದು ನೋಡಿದ್ದೆ. ಇದು ಇಷ್ಟು ವರ್ಷ ಏನು ಹೊತ್ತುಕೊಂಡು ತಿರುಗಿತು ಎಂದು ಕೇಳಲಿಲ್ಲ. ನೀವು ಕೇಳುತ್ತಿದ್ದಿರಾ?

ಗಾಡಿ ನಿಲ್ಲಿಸಿ ಮೇಡಂ, ನಾನು ಮುಂದೆ ನಡೆದು ಹೋಗುತ್ತೇನೆ ಎಂದ ಸಿದ್ದರಾಜು. ಕಾಲ ಮೇಲೆ ಬರುವುದನ್ನು ಅವ್ವ ಕಣ್ಣಾರೆ ನೋಡಲಿ ಎಂದು ಅವನ ಆಸೆ. ಇಳಿದು ನಾಲ್ಕು ಹೆಜ್ಜೆ ಇಟ್ಟವನು ಬೆವರಿ ರಸ್ತೆ ಪಕ್ಕ ಕುಸಿದ. ಹಿಡಿದು ಮತ್ತೆ ಒಳಗೆ ಕೂರಿಸಿದೆ. ಹಾಗಾದರೆ ನೀನಿಲ್ಲೇ ಇರು, ನಾನು ಓಡಿ ಹೋಗಿ ಹೇಳಿ ಬರುತ್ತೇನೆ ಅನ್ನುವಷ್ಟರಲ್ಲಿ ನಾಲೆಯ ಆಚೆಯಿಂದ ಒಂದು ಹೆಂಗಸಿನ ಕೂಗು ಬಂತು.

ಸಿದ್ದರಾಜು ನನ್ನ ಮುಖ ನೋಡಿದ. "ನಮ್ಮವ್ವ" ಎಂದ.

ಗುಂಡಿ ಗೊಟರು ನೋಡದೆ ಓಡಿಸಿದೆ. ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಹೆಣದ ಗಾಡಿ ಹಾರನ್ನು ಹೊಡೆಯುವುದಿಲ್ಲ, ಅಷ್ಟಾದರೂ ಅರ್ಥವಾಗಲಿ ಎಂದು. ಆ ತಾಯಿಯ ಎದೆ ನಾವು ಹೋಗುವವರೆಗೆ ತಡೆದುಕೊಂಡರೆ ಸಾಕಿತ್ತು. ನನಗೆ ನಿಜಕ್ಕೂ ಭಯವಾಗಿತ್ತು.

ಹೋಗುವಷ್ಟರಲ್ಲಿ ಮನೆ ಮುಂದೆ, ಸಾವಾದ ಮನೆಯಲ್ಲಿ ಮಾಡುವ ಹಾಗೆ, ಸೌದೆಗೆ ಬೆಂಕಿ ಹಚ್ಚಿ ಆಗಿತ್ತು. ಮಾದಮ್ಮ ಕೂದಲು ಬಿಚ್ಚಿಕೊಂಡು ಮಣ್ಣಿನಲ್ಲಿ ಹೊರಳುತ್ತಿದ್ದಳು, ಐದಾರು ಹೆಂಗಸರು ಹಿಡಿದುಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲು ಸರಿಯಿತು. ಸಿದ್ದರಾಜು ದುಪ್ಪಟಿ ಹೊದ್ದುಕೊಂಡೇ ಇಳಿದು ನಿಂತ.

ಅಳು ನಿಂತಿತು. ಒಬ್ಬರೂ ಹತ್ತಿರ ಬರಲಿಲ್ಲ. ಹೊಗೆಯ ಆಚೆ ನಿಂತು ನೋಡುತ್ತಿದ್ದರು, ಅಷ್ಟೇ. ಅವ್ವಾ ಎಂದು ಎರಡು ಸಲ ಕರೆದ. ಮಾದಮ್ಮ ತೆವಳಿಕೊಂಡು ಬಂದಳು. ಮುಖ ನೋಡಲಿಲ್ಲ. ಅವನ ಪಾದಗಳನ್ನು ಹಿಡಿದು, ಹಿಮ್ಮಡಿ ಎಲ್ಲಿದೆ, ಬೆರಳು ಎಲ್ಲಿದೆ ಎಂದು ಎರಡೆರಡು ಸಲ ತಡವಿದಳು. ದೆವ್ವದ ಪಾದ ಹಿಂದುಮುಂದಾಗಿರುತ್ತದಲ್ಲ? ಪಾದ ಸರಿಯಾಗಿತ್ತು. ಆಮೇಲೇ ಅವನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ನಾಚಿಕೆಯೂ ಆಯಿತು, ಜೀವವೂ ಬಂತು.

ಕಣ್ಣೊರೆಸಿಕೊಂಡು ಎಲ್ಲರಿಗೂ ವಿವರಿಸಿದೆ. ಈ ಗಾಡಿಯನ್ನು ನಾನು ಕೊಂಡಿದ್ದೇನೆ, ಈಗ ಬರೀ ಬಟ್ಟೆ ಸಾಗಿಸುತ್ತೇನೆ, ಸದ್ದು ಚೈನಿನದು, ಆದಷ್ಟು ಬೇಗ ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸುತ್ತೇನೆ ಎಂದೆ. ಎಲ್ಲರೂ ಕೇಳಿಸಿಕೊಂಡರು. ಆದರೆ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರ ಕಣ್ಣು ವ್ಯಾನಿನ ತೆರೆದ ಬಾಗಿಲ ಮೇಲೇ ಇತ್ತು.

ಮಗನ ಭುಜದ ಮೇಲೆ ಗಲ್ಲವಿಟ್ಟುಕೊಂಡೇ ಮಾದಮ್ಮ ಮೆಲ್ಲಗೆ ಕೇಳಿದಳು: "ಅದೆಲ್ಲ ಸರಿ ಕಣವ್ವ, ನನ್ ಮಗ ಕಾಲ್ ಮ್ಯಾಲೆ ಇಳ್ದ. ಮತ್ತೆ ಇದು ಇವತ್ತು ಯಾರ್ ಮನೆಗೆ ಬಂದದೆ?"