ಮುಖದ ಮೇಲಿನ ಗಂಟುಗಳು

ಮೊನ್ನೆ ಟ್ರಂಕಿನಿಂದ ಹಳೆಯ ಕೌದಿಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಬೇವಿನೆಲೆಯ ಒಣ ವಾಸನೆಯ ಜೊತೆಗೆ ಕೈಗೆ ಬಂದದ್ದು ಒಂದು ಮೊಳ ಅಗಲದ, ಮಗುವಿಗೂ ಹೊದಿಸಲು ಸಾಲದ ಉದ್ದನೆಯ ಪಟ್ಟಿ. ಅದರ ಮೇಲೆ ದಪ್ಪ ದಾರದಲ್ಲಿ ಹೊಲಿದ ಅಕ್ಷರಗಳು ಒಂದರ ಕೆಳಗೊಂದು ಇವೆ. ಪ್ರತಿ ಅಕ್ಷರಕ್ಕೂ ಕಡಲೆಕಾಳಿನಷ್ಟು ದಪ್ಪದ ಒಂದೊಂದು ಗಂಟು. ಆ ಹೊತ್ತಿಗೇ ಪಕ್ಕದ ಮನೆಗೆ ಸರ್ಕಾರಿ ಶಾಲೆಯ ಟೀಚರೊಬ್ಬರು ಬಂದಿದ್ದರು. ಆ ಮನೆಯ ಕಣ್ಣಿಲ್ಲದ ಮಗುವಿಗೆ ಚುಕ್ಕಿಗಳ ಪುಸ್ತಕ ಓದಿಸುವುದೇ ಅವರ ಕೆಲಸವಂತೆ, ಅದಕ್ಕೆಂದೇ ತರಬೇತಿಯಂತೆ, ಸಂಬಳವಂತೆ. ಕೇಳಿ ಸಂತೋಷವಾಯಿತು. ನಮ್ಮ ಬಸಲಿಂಗಪ್ಪ ಮಾಸ್ತರರಿಗೆ ಇದಾವುದೂ ಇರಲಿಲ್ಲ ನೋಡಿ. ಅವರಿಗಿದ್ದದ್ದು ಒಂದು ಕೋಣೆ, ನಾಲ್ಕು ಇಯತ್ತೆಯ ತರಗತಿಗಳು, ಮತ್ತು ನನ್ನಂಥ ಮಕ್ಕಳು.

ಅದು ನಿಜಾಮರ ಕಾಲ. ಹನುಮಸಾಗರದ ಹಾದಿಯ ಒಂದು ಸಣ್ಣ ಊರು ನಮ್ಮದು. ಮಾಸ್ತರರು ಯಲಬುರ್ಗಾ ಕಡೆಯವರು. ಒಣಕಲು ಮೈ, ಎತ್ತರದ ದನಿ. ಯಾರನ್ನೂ ದಡ್ಡ ಎಂದದ್ದನ್ನು ನಾನು ಕೇಳಲಿಲ್ಲ. ನನಗೆ ಅನ್ನಲು ಅವರಿಗೆ ಕಾರಣ ಬೇಕಾದಷ್ಟಿತ್ತು, ಆ ಮಾತು ಬೇರೆ. ನಮ್ಮಲ್ಲಿ ಒಬ್ಬನಿಗೆ ಮಾತು ತೊದಲುತ್ತಿತ್ತು. ಅವನಿಗೆ ಮಗ್ಗಿಯನ್ನು ಭಜನೆಯ ಧಾಟಿಯಲ್ಲಿ ಹಾಡಲು ಹೇಳಿದರು. ಹಾಡುವಾಗ ಅವನ ನಾಲಿಗೆ ಎಲ್ಲಿಯೂ ಎಡವುತ್ತಿರಲಿಲ್ಲ. ಒಂದೇ ವಾರದಲ್ಲಿ ಇಡೀ ಸಾಲೆಯೇ ಮಗ್ಗಿ ಹಾಡತೊಡಗಿತು. ಹದಿಮೂರರ ಮಗ್ಗಿ ನನಗೆ ಇವತ್ತಿಗೂ ತಾಳವಿಲ್ಲದೆ ಬರುವುದಿಲ್ಲ.

ಶರಣವ್ವ ನನ್ನ ಓರಗೆಯವಳು. ಸಿಡುಬಿನಲ್ಲಿ ಎರಡೂ ಕಣ್ಣು ಹೋಗಿದ್ದವು. ದಿನವೂ ಸಾಲೆಯ ಗೋಡೆಗೆ ಕಿವಿಯಿಟ್ಟು ಹೊರಗೆ ಕೂತಿರುತ್ತಿದ್ದವಳನ್ನು ಮಾಸ್ತರರು ಕೈಹಿಡಿದು ಒಳಗೆ ಕರೆತಂದು ಹಾಜರಿ ಪಟ್ಟಿಯಲ್ಲಿ ಹೆಸರು ಬರೆದರು. ಕುಷ್ಟಗಿಯಿಂದ ಬಂದ ಇನ್ಸ್‌ಪೆಕ್ಟರ್ ಸಾಹೇಬರಿಗೆ ಅದು ಹಿಡಿಸಲಿಲ್ಲ. "ಓದಾಕ ಬರೋದಿಲ್ಲಂದ್ರ ಹೆಸರು ಯಾಕ ಮಾಸ್ಟರ್? ನಾ ಮುಂದಿನ ಸಲ ಬಂದಾಗ ಈ ಹುಡುಗಿ ತನ್ನ ಹೆಸರು ಬರೀಬೇಕು. ಇಲ್ಲಾಂದ್ರ ಹೆಸರು ಹೊಡದು ಹಾಕತೇನಿ" ಎಂದು ಹೋದರು. ಶರಣವ್ವ ಅವತ್ತು ಸಾಲೆ ಬಿಟ್ಟ ಮೇಲೂ ಹೊಸ್ತಿಲ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಮರುದಿನ ಮಾಸ್ತರರು ನಮ್ಮ ಮನೆಗೆ ಬಂದರು. ಆಯಿ, ಅಂದರೆ ನಮ್ಮ ತಂದೆಯ ತಾಯಿ, ಕೌದಿ ಹೊಲಿಯುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಆಕೆಗೆ ಒಂದಕ್ಷರವೂ ಬರುತ್ತಿರಲಿಲ್ಲ. ಮಾಸ್ತರರು ಹಳೆ ಬಟ್ಟೆಯ ಮೇಲೆ ಇದ್ದಲಿನಿಂದ ಅಕ್ಷರ ಬರೆದು ಅದರ ಮೇಲೆಯೇ ದಾರ ಓಡಿಸಲು ಕೇಳಿದರು. "ಎಲ್ಲಿಂದ ಶುರು ಮಾಡಬೇಕಂತ ಬೆರಳಿಗೆ ತಿಳೀಬೇಕವ್ವಾ. ಅಲ್ಲೊಂದು ಗಂಟು ಹಾಕು" ಎಂದರು.

ಆಯಿ ಗಂಟು ಹಾಕಿದಳು. ಆದರೆ ಬೆನ್ನ ಮಗ್ಗುಲಿಗೆ ಹಾಕಿದಳು. ಕೌದಿಯ ಮುಖದ ಮೇಲೆ ಗಂಟು ಕಂಡರೆ ಹೊಲಿದವಳ ಮಾನ ಹೋಯಿತೆಂದೇ ನಮ್ಮ ಕಡೆಯ ಲೆಕ್ಕ. ಮಾಸ್ತರರು ಎಷ್ಟು ಓದಿದ್ದರೇನು, ಸೂಜಿ ಹಿಡಿದವರಲ್ಲ. ಅವರಿಗೆ ಇದು ಹೊಳೆಯಲಿಲ್ಲ.

ಮಾಸ್ತರರಿಗೆ ನಾಲ್ಕು ಇಯತ್ತೆಯ ಗದ್ದಲ, ಹಾಗಾಗಿ ಶರಣವ್ವನ ಪಕ್ಕ ಕೂತು ಪಟ್ಟಿ ಹಾಸಿಕೊಡುವ, ಅಕ್ಷರದ ಹೆಸರು ಹೇಳುವ ದೊಡ್ಡಸ್ತಿಕೆ ನನಗೆ ಬಂತು. ಗಂಟು ಬೇಕಲ್ಲ, ಗಂಟಿದ್ದ ಮಗ್ಗುಲನ್ನೇ ಮೇಲೆ ಮಾಡಿ ಹಾಸಿದೆ. ಅವಳು ಗಂಟಿನಿಂದ ಬೆರಳು ಹೊರಡಿಸಿ ದಾರದ ಗುಂಟ ಹೋಗುತ್ತಿದ್ದಳು. ನಾನು "ಶ", "ರ" ಎನ್ನುತ್ತ ಕಿಟಕಿಯಾಚೆಯ ಹುಣಸೆಮರ ನೋಡುತ್ತಿದ್ದೆ. ಒಂದು ದಿನ ಕಣ್ಣಿಟ್ಟು ನೋಡಿದಾಗ ಅಕ್ಷರಗಳೆಲ್ಲ ಸೊಟ್ಟ ಮುಖ ಮಾಡಿಕೊಂಡಂತೆ ಕಂಡವು. ಆಯಿ ಓದದವಳು, ಕೆಡಿಸಿದ್ದಾಳೆ ಅಂದುಕೊಂಡೆ. ಹೇಳಿದರೆ ನನ್ನ ದೊಡ್ಡಸ್ತಿಕೆಗೆ ಕುತ್ತು ಬಂದೀತೆಂದು ಬಾಯಿ ಮುಚ್ಚಿಕೊಂಡೆ. ಆ ಬಾಯಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಸಾಹೇಬರು ಬಂದರು. ಮರಳು ಹರಡಿದ ಹಲಗೆಯನ್ನು ಶರಣವ್ವನ ಮುಂದಿಟ್ಟರು. ಅವಳು ತಡವರಿಸದೆ ನಾಲ್ಕಕ್ಷರ ಬರೆದಳು. ನಾಲ್ಕೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವುಮುರುವು. ಹಿಂದಿನ ಸಾಲಿನ ಮಕ್ಕಳು ಗೊಳ್ಳೆಂದು ನಕ್ಕರು.

"ಯೇ ಕ್ಯಾ ಹೈ ಮಾಸ್ಟರ್?" ಎಂದರು ಸಾಹೇಬರು.

ಮಾಸ್ತರರು ಪಟ್ಟಿಯನ್ನು ನೋಡಿದರು, ಗಂಟುಗಳನ್ನು ನೋಡಿದರು, ಆಗ ಹೊಳೆಯಿತು. "ತಪ್ಪು ನಂದ್ರಿ ಸಾಹೇಬರ. ಕಲಿಸಿದಾಂವ ನಾನು. ಹುಡುಗಿದು ಏನೂ ತಪ್ಪಿಲ್ಲ."

ನನ್ನದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಸಾಹೇಬರು ಹಾಜರಿ ಪಟ್ಟಿ ತೆಗೆದರು. ಶರಣವ್ವ ದನಿ ಬಂದ ಕಡೆ ಮುಖ ಮಾಡಿ, "ಯಾಕ ನಗಾಕತ್ಯಾರ್ರಿ?" ಎಂದು ಕೇಳಿದಳು. ಮಾಸ್ತರರು ಅವಳ ಮುಂದೆ ಮೊಣಕಾಲೂರಿದರು. "ತಂಗಿ, ನೀ ಕೌದಿ ಬೆನ್ನಿನ ಮಗ್ಗಲಾ ಓದಿದಿ. ಅಕ್ಷರ ಮುಖದ ಮಗ್ಗಲಕ್ಕ ಅದಾವ."

ಅವಳು ಪಟ್ಟಿಯನ್ನು ಮಗುಚಿದಳು. ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಸವರಿದಳು. ಆ ಮಗ್ಗುಲಿಗೆ ಗಂಟಿಲ್ಲ. ಶುರು ಎಲ್ಲಿಂದ ಎಂದು ಬೆರಳು ಎರಡು ಸಲ ದಾರಿ ತಪ್ಪಿತು. ಆಮೇಲೆ ಅಂಗೈಯಿಂದ ಮರಳು ಅಳಿಸಿ ಬರೆದಳು: ಶರಣವ್ವ. ನನ್ನ ಅಕ್ಷರಕ್ಕಿಂತ ದುಂಡಗಿತ್ತು.

"ಕುಬಸಾ ತಿರುವಿ ಹಾಕ್ಕೊಂಡಿದ್ನಿ ಅಷ್ಟರಿ," ಎಂದಳು. "ಬಿಚ್ಚಿ ಸರಿ ಮಾಡಿ ಹಾಕ್ಕೊಂಡ್ನಿ."

ಸಾಹೇಬರು ನಕ್ಕುಬಿಟ್ಟರು. "ಶಾಬಾಶ್ ಬೇಟಿ! ಕಣ್ಣಿದ್ದವರಿಗೆ ಒಂದ ಕಡೀಂದ ಬರೋದಿಲ್ಲ, ನಿನಗ ಎರಡೂ ಕಡೀಂದ ಬರತೈತಿ." ಹಾಜರಿ ಪಟ್ಟಿಯಲ್ಲಿ ಉರ್ದುವಿನಲ್ಲಿ ಏನೋ ಗೀಚಿದರು. ಅವರು ಹೋದ ಮೇಲೆ ಮಾಸ್ತರರು ಓದಿ ಹೇಳಿದರು: ಹೆಸರು ಕಾಯಂ. ಹೇಳುತ್ತ ಕಣ್ಣೊರೆಸಿಕೊಂಡರು, ನಮ್ಮೆದುರಿಗೇ, ಯಾವ ಸಂಕೋಚವೂ ಇಲ್ಲದೆ. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ.

ಮನೆಗೆ ಬಂದು ಆಯಿಗೆ ನಡೆದದ್ದನ್ನು ಹೇಳಿದೆ, ನನ್ನ ಪಾಲು ಬಿಟ್ಟು. ಆಕೆ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಬೆನ್ನಿನ ಗಂಟುಗಳನ್ನೆಲ್ಲ ಬಿಚ್ಚಿ ಒಂದೊಂದಾಗಿ ಮುಖದ ಮೇಲೆ ಹಾಕತೊಡಗಿದಳು. ನೋಡಲು ಬಂದ ಆಕೆಯ ಗೆಳತಿ, "ಏನವ್ವಾ ಇದು, ಕಲಿಯೋ ಹುಡುಗಿ ಹೊಲದಂಗ ಐತಿ, ಹೆಸರು ಕೆಡಿಸ್ಕೊಂತಿ" ಎಂದಳು.

ಆಯಿ ಹಲ್ಲಿನಿಂದ ದಾರ ಕಡಿದು, "ನನ್ನ ಹೆಸರು ಹೋದ್ರ ಹೋಗ್ಲಿ ತಗಿ, ಆ ಹುಡುಗಿ ಹೆಸರು ಉಳೀಲಿ" ಎಂದಳು.

ಶರಣವ್ವ ನಾಲ್ಕನೆಯ ಇಯತ್ತೆ ಮುಗಿಸಿ ಪಟ್ಟಿಯನ್ನು ನಮ್ಮ ಮನೆಗೆ ತಂದುಕೊಟ್ಟಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಆಮೇಲಿನ ವರ್ಷಗಳಲ್ಲಿ, ಯಾರಾದರೂ ಬಂದಾಗ ಈ ಪಟ್ಟಿ ಹೊರಗಿದ್ದರೆ ಗಂಟು ಒಳಗಾಗುವಂತೆ ಮಡಚಿಡುತ್ತಿದ್ದೆ. ಆಯಿಯ ಕೈಕೆಲಸಕ್ಕೆ ಯಾರೂ ಹೆಸರಿಟ್ಟು ಆಡಿಕೊಳ್ಳಬಾರದೆಂದು ನೆಪ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಆ ಗಂಟುಗಳು ನನ್ನನ್ನೇ ನೋಡುತ್ತಿದ್ದವು.

ಮೊನ್ನೆ ಕಣ್ಣು ಮುಚ್ಚಿ ಬೆರಳಾಡಿಸಿದೆ. ಒಂದು "ಶ" ಗುರುತು ಹಿಡಿಯುವಷ್ಟರಲ್ಲಿ ಬಿಸಿಲು ಕಟ್ಟೆಯಿಂದ ಇಳಿದಿತ್ತು. ಪಕ್ಕದ ಮನೆಯ ಟೀಚರು ಹೊರಡುತ್ತಿದ್ದರು. ಅವರನ್ನು ಕರೆದು, ಪಟ್ಟಿಯನ್ನು ಗಂಟು ಮೇಲೆ ಮಾಡಿ ಅವರ ಮುಂದೆ ಹಾಸಿದೆ.

"ಯಾರು ಹೊಲದದ್ರಿ ಅಜ್ಜಿ? ಗಂಟು ಮ್ಯಾಲ ಬಿಟ್ಟಾರಲ್ಲ?" ಎಂದರು.

"ನಮ್ಮ ಆಯಿ," ಎಂದೆ. "ಕುಂಡ್ರವ್ವಾ. ಇದರಾಗ ನಂದೊಂದು ತಪ್ಪೈತಿ, ಅದನ್ನ ಮೊದಲು ಹೇಳತೇನಿ."