ಗಾಡಿ, ಹೊಂಗೆಮರ ಮತ್ತು ಬಿಗಿದ ಹಗ್ಗ

ಹೆರಿಗೆ ನೋವು ತಿನ್ನುತ್ತಿದ್ದ ತಂಗಿ ಗಾಡಿಯೊಳಗೆ. ಗಾಡಿಯ ಎಡಗಾಲಿ ಹಳ್ಳದ ಕೆಸರೊಳಗೆ. ಹೋದ ವಾರ ನಮ್ಮ ಸ್ಥಿತಿ ಇದು.

ತಂಗಿ ತಾಯಮ್ಮನನ್ನು ಬೈರಾಪಟ್ಟಣಕ್ಕೆ ಕೊಟ್ಟಿದ್ದೇವೆ. ಮಗು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಬೆಳಿಗ್ಗೆಯೇ ಕೈಬಿಟ್ಟಳು. ಚನ್ನಪಟ್ಟಣದ ಸರ್ಕಾರಿ ಆಸ್ಪತ್ರೆಗೆ ಒಯ್ಯಲೇಬೇಕು. ಅವಳ ಗಂಡ ಸಿದ್ದೇಗೌಡ ಗಾಡಿ ಕಟ್ಟಿದ. ರಜೆಗೆ ಹೋಗಿದ್ದ ನಾನೂ ಹತ್ತಿದೆ. ಹಿಂದಿನ ದಿನದ ಮಳೆಗೆ ದಾರಿ ಅಂಬಲಿಯಾಗಿತ್ತು. ಹಳ್ಳ ದಾಟುವಾಗ ಅರ್ಧ ಗಾಲಿ ಹೂತುಹೋಯಿತು.

ಸಿದ್ದೇಗೌಡ ಎತ್ತುಗಳಿಗೆ ಬಾರಿಸತೊಡಗಿದ. ನಾನು ಹಿಂದಿನಿಂದ ತಳ್ಳಿದೆ. ಗಾಡಿ ಅಲುಗಲಿಲ್ಲ. ಒಂದು ಎತ್ತು ಮೊಣಕಾಲೂರಿತು.

"ಅಣ್ಣ, ಎತ್ಗೆ ಒಡೀಬ್ಯಾಡ ಅನ್ನು," ಎಂದು ತಾಯಮ್ಮ ಒಳಗಿಂದ ನರಳಿದಳು.

"ಊರ್ಗೋಗಿ ನಾಕಾಳು ಕರ್ಕೊಂಬತ್ತೀನಿ ಭಾವ. ಇದು ನಮ್ ಕೈಲಾಗಕಿಲ್ಲ," ಎಂದ ಸಿದ್ದೇಗೌಡ.

ಆಳು ಬರುವವರೆಗೆ ಮಗು ಕಾಯುತ್ತದೆಯೇ?

ನಾನು ಸ್ಕೂಲಿನಲ್ಲಿ ಫಿಜಿಕ್ಸ್ ಹೇಳುವವನು. (ತಳ್ಳುವುದೂ ಬಲ, ಎಳೆಯುವುದೂ ಬಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣ ಬರೆಯುತ್ತೇನೆ.) ಬಲಕ್ಕೆ ಅಳತೆ ಇದ್ದಂತೆ ದಿಕ್ಕೂ ಇದೆ. ನಮ್ಮಲ್ಲಿದ್ದ ಬಲವೆಲ್ಲ ಖರ್ಚಾಗಿತ್ತು. ಆದರೆ ಎಲ್ಲವೂ ಒಂದೇ ದಿಕ್ಕಿಗೆ. ಎದುರಿಗೆ ದಡದ ಮೇಲೊಂದು ಹೊಂಗೆಮರ. ಗಾಡಿಯಲ್ಲಿ ಹುಲ್ಲು ಬಿಗಿಯುವ ಹಗ್ಗ.

"ಹಗ್ಗದ ಒಂದು ತುದಿ ಗಾಡಿ ಅಚ್ಚಿಗೆ ಕಟ್ಟು, ಇನ್ನೊಂದು ಆ ಮರಕ್ಕೆ. ಸಡಿಲ ಬಿಡಬೇಡ," ಎಂದೆ.

"ಮರ ಗಾಡಿ ಎಳೀತದಾ ಭಾವ? ಒತ್ತಾಯ್ತಾ ಐತೆ."

"ಮರ ಅಲ್ಲಾಡದಿದ್ದರೆ ಸಾಕು. ಕಟ್ಟು."

ಕಟ್ಟಿದ. ನಾನು ಹಗ್ಗದ ನಡುಮಧ್ಯೆ ನಿಂತು ಅದನ್ನು ಪಕ್ಕಕ್ಕೆ ತಳ್ಳಿದೆ. ನೆಟ್ಟಗೆ ಬಿಗಿದ ಹಗ್ಗವನ್ನು ಪಕ್ಕಕ್ಕೆ ತುಸುವೇ ಬಾಗಿಸಿದರೂ ಅದರ ಎರಡು ತುದಿಗಳಲ್ಲಿ ನಾವು ತಳ್ಳಿದ್ದರ ಹಲವು ಪಟ್ಟು ಎಳೆತ ಹುಟ್ಟುತ್ತದೆ. ಮರವಂತೂ ಜಗ್ಗದು. ಹಾಗಾದರೆ ಜಗ್ಗಬೇಕಾದದ್ದು ಯಾವುದು?

ಗಾಲಿ ಪಚಕ್ ಎಂದಿತು. ಅಂಗೈ ಅಗಲ ಮುಂದೆ ಬಂತು.

ಸಿದ್ದೇಗೌಡ ಗಾಲಿಯ ಹಿಂದೆ ಕಲ್ಲು ಕೊಟ್ಟ, ಹಗ್ಗ ಮತ್ತೆ ಬಿಗಿದ. ನಾನು ಮತ್ತೆ ತಳ್ಳಿದೆ. ಹೀಗೇ ಎಷ್ಟು ಸಲವೋ. ನನ್ನ ಕೈ ಸುಲಿದು ರಕ್ತ ಬಂದದ್ದು ಕಂಡು, "ಸರ್ಕಳಿ ಭಾವ, ನಾ ತಳ್ತೀನಿ," ಎಂದು ಅವನೇ ನಿಂತ. ಗಾಲಿ ಗಟ್ಟಿ ನೆಲ ಮುಟ್ಟಿದ್ದೇ ತಡ, ಎತ್ತುಗಳು ಗಾಡಿಯನ್ನು ದಡಕ್ಕೆ ಎಳೆದವು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು, "ಹೆಣ್ಣು ಮಗು. ತಾಯಿಯೂ ಚೆನ್ನಾಗಿದ್ದಾಳೆ. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು," ಎಂದರು. ಸಿದ್ದೇಗೌಡ ಗೋಡೆಗೊರಗಿ ಅತ್ತುಬಿಟ್ಟ.

ಅಂದಿನಿಂದ ಸುತ್ತ ನೋಡುತ್ತಿದ್ದೇನೆ. ಪಾಠ ತಲೆಗೆ ಹತ್ತದ ಮಗನಿಗೆ ಇನ್ನೆರಡು ಏಟು. ಒಪ್ಪದ ನೆಂಟರೆದುರು ಇನ್ನಷ್ಟು ಏರಿದ ದನಿ (ನಮ್ಮ ಮನೆಯಲ್ಲೂ ಉಂಟು).

ಸ್ವಾಮಿ, ಜೋರು ಸಾಲದೋ, ನಿಂತ ಜಾಗವೇ ಸರಿಯಿಲ್ಲವೋ?