ಫೋನ್ ಬರಲಿಲ್ಲವೆಂದರೆ ನಾರ್ಮಲ್

ಕಳಸದಲ್ಲಿ ಬೆಳಗಿನ ಸರ್ಕಾರಿ ಬಸ್ಸು ತಪ್ಪಿತು. ಹಿಂದೆಯೇ ಬಂದ ಖಾಸಗಿ ಬಸ್ಸು ಹತ್ತಿ ಸರೋಜ ಚಿಕ್ಕಮ್ಮ ಕಿಟಕಿ ಪಕ್ಕ ಕೂತರು, ನಾನು ಅವರ ಬದಿಗೆ. ಚಿಕ್ಕಮಗಳೂರಿಗೆ ಹತ್ತಿರ ಹತ್ತಿರ ತೊಂಬತ್ತು ಕಿಲೋಮೀಟರು, ಬರೀ ತಿರುವು.

ಮಳೆಗಾಲ ಮುಗಿದಾಗ ನಮ್ಮೂರಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಯವರ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಕ್ಯಾಂಪ್ ನಡೆದಿತ್ತು. ಮಾದರಿ ತೆಗೆದುಕೊಂಡವರು ಹೇಳಿಹೋದದ್ದು ಒಂದೇ ಮಾತು: ಫೋನ್ ಬರಲಿಲ್ಲವೆಂದರೆ ನಾರ್ಮಲ್. ಚಿಕ್ಕಮ್ಮನಿಗೆ ಫೋನ್ ಬರಲಿಲ್ಲ. ಮುಟ್ಟು ನಿಂತು ವರ್ಷಗಳಾದ ಮೇಲೆ ಈಗ ಮತ್ತೆ ರಕ್ತ ಹೋಗುತ್ತಿದೆ. ಆದರೂ ಮೆಣಸು ಕೊಯ್ಲು ಮುಗಿಯುವ ತನಕ ಸುಮ್ಮನಿದ್ದರು.

"ಟೆಸ್ಟಲ್ಲಿ ಏನೂ ಇಲ್ಲ ಅಂದಿದಾರಲ್ಲ ಮಾರಾಯ್ತಿ."

"ಯಾರು ಅಂದ್ರು?"

"ಯಾರೂ ಏನೂ ಅನ್ಲಿಲ್ಲ. ಅದಕ್ಕೇ."

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಅಲ್ಲೇ ಕೂರಿಸುತ್ತಿದ್ದೆ. ಆದರೆ ಈ ವಾದ ಚಿಕ್ಕಮ್ಮನದಲ್ಲ, ಬಿಳಿ ಕೋಟಿನವರು ಕಲಿಸಿಹೋದದ್ದು.

ಕೊಟ್ಟಿಗೆಹಾರದಲ್ಲಿ ಮಂಜು. ಚಿಕ್ಕಮ್ಮ ನೀರುದೋಸೆ ತಿಂದರು. ಬಣಕಲ್ ದಾಟಿದ ಮೇಲೆ ಬಿಸಿಲು ಬಂತು. ಮೂಡಿಗೆರೆವರೆಗೂ ಬಸ್ಸಿನೊಳಗೆ ಕಾಫಿ ಹೂವಿನ ಘಮ.

ಆಸ್ಪತ್ರೆಯ ಕೌಂಟರಿನಾಕೆ ಕಂಪ್ಯೂಟರ್ ನೋಡಿ, "ಫೋನ್ ಮಾಡಿದೀವಲ್ಲ, ಗಂಡಸರು ತೆಗೆದ್ರು," ಎಂದರು.

ನಮ್ಮ ಗುಡ್ಡಕ್ಕೆ ನೆಟ್‌ವರ್ಕ್ ಇಲ್ಲ. ಎಲ್ಲರೂ ಜೀಪು ಓಡಿಸುವ ಸಾದಿಕ್ ಭಾಯಿ ನಂಬರ್ ಕೊಡುವುದು ರೂಢಿ. ಅವರು ದಾರಿಯಲ್ಲಿ ಗೇಟಿನ ಹತ್ತಿರ ನಿಲ್ಲಿಸಿ ವಿಷಯ ಕೂಗಿ ಹೇಳುತ್ತಾರೆ.

"ಹೆಂಗಸರ ವಿಷಯ ಅವ್ರ ಹತ್ರ ಹೇಗೆ ಹೇಳೋದು ಮೇಡಂ? ಇಟ್ಟುಬಿಟ್ವಿ."

"ವಿಷಯ ಹೇಳೋದು ಬೇಡ. ಸರೋಜಮ್ಮನಿಗೆ ಆಸ್ಪತ್ರೆಗೆ ಬರೋಕೆ ಹೇಳಿ ಅನ್ನೋಕೆ ಏನು ನಾಚಿಕೆ?"

"ಪಾಸಿಟಿವ್ ಏನಲ್ಲ. ಮಾದರಿ ಸರಿಯಾಗಿ ಸಿಕ್ಕಿರಲಿಲ್ಲ, ನೋಡೋಕೇ ಆಗ್ಲಿಲ್ಲ. ಇನ್ನೊಂದ್ಸಲ ತೆಗೀಬೇಕಿತ್ತು, ಅಷ್ಟೇ."

ಅಷ್ಟೇ! ನೋಡಲಾಗದ ಮಾದರಿ, ತಲುಪದ ಫೋನು, ಮನೆಯಲ್ಲಿ ನೆಮ್ಮದಿಯಾಗಿ ಕೂತ ಹೆಂಗಸು. ಪರೀಕ್ಷೆಯನ್ನೇ ಮಾಡದಿದ್ದರೆ ಕನಿಷ್ಠ ಭಯವಾದರೂ ಉಳಿದಿರುತ್ತಿತ್ತು. ಇದನ್ನೆಲ್ಲ ಗಟ್ಟಿಯಾಗಿಯೇ ಹೇಳಿದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಚಿಕ್ಕಮ್ಮ ನನ್ನ ದುಪಟ್ಟಾ ಜಗ್ಗಿದರು.

ಡಾಕ್ಟರಮ್ಮ ಪರೀಕ್ಷಿಸಿ, ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. "ಹೀಗೆ ರಕ್ತ ಹೋದ್ರೆ, ಹಿಂದಿನ ಟೆಸ್ಟ್ ನಾರ್ಮಲ್ ಬಂದಿದ್ರೂ ಮನೇಲಿ ಕೂರಬಾರದು ಅಮ್ಮ," ಎಂದರು. ಕೌಂಟರಿನಲ್ಲಿ ಮತ್ತೆ ನಂಬರ್ ಕೇಳಿದಾಗ ಚಿಕ್ಕಮ್ಮ, "ಫೋನ್ ಬೇಡ, ಮುಂದಿನ ವಾರ ರಿಪೋರ್ಟಿಗೆ ನಾನೇ ಬರ್ತೀನಿ," ಎಂದರು.

ವಾಪಸು ಬಸ್ಸಿನಲ್ಲಿ ಮೂಡಿಗೆರೆ ಕಳೆದ ಮೇಲೆ ಚಿಕ್ಕಮ್ಮ ಕೇಳಿದರು.

"ಮುಂದಿನ ವಾರ ಏನೂ ಇಲ್ಲ ಅಂದ್ರೆ ನಂಬೋದೇನೇ?"

"ಏನು ನೋಡಿ ಹೇಳ್ತಿದೀರಿ ಅಂತ ಕೇಳ್ತೀನಿ," ಎಂದೆ.

"ನೀನು ಕೇಳಿದ್ರೆ ಜಗಳ ಆಗುತ್ತೆ. ನಾನೇ ಕೇಳ್ತೀನಿ."

ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಕಳಸ ಬರುವವರೆಗೂ ನನ್ನ ಕೈ ಮಾತ್ರ ಬಿಡಲಿಲ್ಲ.